ಕಳಿಸಿದ ಕಥೆಗೆ ಉತ್ತರವೇ ಬರಲ್ಲ, ಆದ್ರೂ ಬರೀಬೇಕಾ?

ಓದುಗರ ಪ್ರಶ್ನೆ: ದಾವಣಗೆರೆಯಲ್ಲಿ ಖಾಸಗಿ ಕೆಲಸದಲ್ಲಿದ್ದೀನಿ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಕಥೆ ಬರೀತೀನಿ. ಎರಡು ವರ್ಷದಲ್ಲಿ ಏಳು ಕಥೆ ಪತ್ರಿಕೆಗಳಿಗೆ ಕಳಿಸಿದೆ, ಒಂದಕ್ಕೂ ಉತ್ತರ ಇಲ್ಲ. ದುಡ್ಡಿಲ್ಲ, ಹೆಸರಿಲ್ಲ, ನಿದ್ದೆನೂ ಹಾಳು. ಮುಂದುವರಿಸೋದರಲ್ಲಿ ಏನಾದ್ರೂ ಅರ್ಥ ಇದೆಯಾ?

ಇದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಾರಣ ಹೇಳುತ್ತೇನೆ.

ನಾನು ಇಲ್ಲೇ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹನ್ನೆರಡು ವರ್ಷದಿಂದ ಕಥೆಯನ್ನೂ ಬರೆಯುತ್ತಿದ್ದೇನೆ. ನಿಮ್ಮ ಪ್ರಶ್ನೆಯನ್ನು ನಾನೂ ಎಷ್ಟೋ ರಾತ್ರಿ ಕೇಳಿಕೊಂಡಿದ್ದೇನೆ. ನನಗೆ ತಿಳಿಯೋಕೆ ತಡವಾದ ಒಂದು ವಿಷಯ ಇದೆ. ಬರೆಯುವುದು ಒಂದು ಕೆಲಸ, ಅಚ್ಚು ಹಾಕಿಸುವುದು ಇನ್ನೊಂದು ಕೆಲಸ. ಎರಡಕ್ಕೂ ಬೇರೆ ಬೇರೆ ಖಾತೆ ತೆಗೆಯಬೇಕು. ಒಂದರ ನಷ್ಟವನ್ನು ಇನ್ನೊಂದರ ಲೆಕ್ಕಕ್ಕೆ ಬರೆದರೆ ಎರಡೂ ಮುಳುಗುತ್ತವೆ.

ಅಚ್ಚಿನ ಖಾತೆ ಮೊದಲು ನೋಡೋಣ. ವಾರಪತ್ರಿಕೆಗೆ ವರ್ಷಕ್ಕೆ 52 ಸಂಚಿಕೆ. ವಾರಕ್ಕೆ ಒಂದೋ ಎರಡೋ ಕಥೆ ಹಾಕಿದರೂ ವರ್ಷಕ್ಕೆ ಹೆಚ್ಚೆಂದರೆ ನೂರು ಚಿಲ್ಲರೆ. ಅಷ್ಟು ಜಾಗಕ್ಕೆ ಬೀದರಿನಿಂದ ಚಾಮರಾಜನಗರದವರೆಗೆ, ಮುಂಬೈಯಿಂದ, ಹೊರದೇಶದಿಂದ ಕೂಡ ಕಥೆಗಳು ಬರುತ್ತವೆ. ಓದಿ ಆರಿಸುವವರು ಕೆಲವೇ ಜನ. ಎಲ್ಲರಿಗೂ ಕಾಗದ ಬರೆಯುವುದು ಅವರಿಂದ ಆಗದ ಮಾತು. ಹಾಗಾಗಿ ಉತ್ತರ ಬರಲಿಲ್ಲ ಅಂದರೆ ಕಥೆ ಕೆಟ್ಟದ್ದು ಅಂತ ಯಾರೋ ತೀರ್ಪು ಕೊಟ್ಟ ಹಾಗೆ ಅಲ್ಲ. ಇನ್ನೂ ಓದಿಲ್ಲದೇ ಇರಬಹುದು. ಓದಿ, ಸಾಲದು ಅನ್ನಿಸಿರಬಹುದು. ಅಥವಾ ನಿಮ್ಮ ಫೈಲ್ ತೆರೆದಾಗ ಅವರಿಗೆ ಕನ್ನಡವೇ ಕಾಣದೆ ಇರಬಹುದು!

ಇದು ನಿಜಕ್ಕೂ ಆಗುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಮೇಲ್‌ಗೆ ಅಂಟಿಸಿದರೆ ಆಚೆ ಕಡೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡಿಗೆ ಬದಲಾಯಿಸಿ, ಅರ್ಕಾವತ್ತು ಒತ್ತಕ್ಷರ ಎಲ್ಲ ಸರಿಯಾಗಿವೆಯಾ ಅಂತ ಒಮ್ಮೆ ಓದಿ, ಜೊತೆಗೆ ಪಿಡಿಎಫ್ ಕೂಡ ಲಗತ್ತಿಸಿ. ಫೇಸ್‌ಬುಕ್ಕಿನಲ್ಲಿ ಹಾಕಿದ ಕಥೆಯನ್ನು ಹೆಚ್ಚಿನ ಪತ್ರಿಕೆಗಳು ಆಗಲೇ ಪ್ರಕಟವಾಗಿದೆ ಅಂತಲೇ ಲೆಕ್ಕ ಹಾಕುತ್ತವೆ. ಸ್ಪರ್ಧೆಗೆ ಕಳಿಸುವಾಗ ಕಥೆಯ ಹಾಳೆಯ ಮೇಲೆ ಹೆಸರು ಬರೆಯಬೇಡಿ ಅಂದಿರುತ್ತಾರೆ, ನಾವು ಅಭ್ಯಾಸಬಲದಿಂದ ಬರೆದುಬಿಡುತ್ತೇವೆ. ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಬೇಡಿ. ಮೂರು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ, ವಾಪಸ್ ತಗೋತೀನಿ ಅಂತ ಒಂದು ಸಾಲು ಬರೆದು ಬೇರೆ ಕಡೆಗೆ ಕಳಿಸಿ.

ದುಡ್ಡಿನ ಮಾತು. ಕಥೆಗೆ ಸಂಭಾವನೆ ಬರುತ್ತದೆ, ಆದರೆ ಅದರಿಂದ ಮನೆ ನಡೆಯುವುದಿಲ್ಲ. ಪುಸ್ತಕಕ್ಕೆ ಸಾಮಾನ್ಯವಾಗಿ ಶೇ 10ರಷ್ಟು ರಾಯಲ್ಟಿ. 150 ರೂಪಾಯಿಯ ಪುಸ್ತಕ 500 ಪ್ರತಿ ಹೋದರೆ 7,500 ರೂಪಾಯಿ, ಅದೂ ನಾಲ್ಕೈದು ವರ್ಷ ಬರೆದದ್ದಕ್ಕೆ. ಎಷ್ಟೋ ಸಲ ಅದನ್ನೂ ಪುಸ್ತಕದ ಪ್ರತಿಗಳ ರೂಪದಲ್ಲೇ ಕೊಡುತ್ತಾರೆ. ಇದು ಗೊತ್ತಿದ್ದು ಬರೆಯುವವರಿಗೆ ಬೇಜಾರು ಕಡಿಮೆ.

ನನಗೆ ಗೊತ್ತಿರಲಿಲ್ಲ. ಮೂರು ಕಥೆ ಅಚ್ಚಾದ ಕೂಡಲೇ ಅವಸರ ಹತ್ತಿತು. ಕೈಯಿಂದ ದುಡ್ಡು ಹಾಕಿ 500 ಪ್ರತಿ ಮಾಡಿಸಿದೆ. ಬಿಡುಗಡೆ ದಿನ ಎಂಬತ್ತು ಖರ್ಚಾದವು, ಅರ್ಧ ಗೌರವ ಪ್ರತಿ. ಉಳಿದ ಕಟ್ಟುಗಳನ್ನು ಗೋಡೌನಿನ ಮೂಲೆಯಲ್ಲಿ ಖಾಲಿ ಚೀಲಗಳ ಪಕ್ಕ ಇಟ್ಟಿದ್ದೆ. ಒಂದು ಮಳೆಗಾಲ ಕಳೆದು ತೆಗೆದರೆ ಕೆಳಗಿನ ಎರಡು ಕಟ್ಟಿಗೆ ಗೆದ್ದಲು ಹಿಡಿದಿತ್ತು. ಆ ದಿನ ಅಂಗಡಿಯಲ್ಲಿ ಯಾರ ಜೊತೆಗೂ ಮಾತಾಡೋಕೆ ಆಗಲಿಲ್ಲ. ಪುಸ್ತಕ ಮಾಡುವ ಮೊದಲು ವಿಚಾರಿಸಬೇಕಿತ್ತು. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಇದೆ, 18ರಿಂದ 35 ವರ್ಷದವರಿಗೆ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ನಂಬರ್ ನಮ್ಮ ದೇಶದಲ್ಲಿ ಉಚಿತ, ಅದಕ್ಕೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ನೋಂದಣಿ ಶುಲ್ಕ ಕಟ್ಟಿದರೆ ರಾಜ್ಯಮಟ್ಟದ ಪ್ರಶಸ್ತಿ ಅನ್ನುವ ವಾಟ್ಸಾಪ್ ಮೆಸೇಜುಗಳಿಂದ ದೂರ ಇರಿ. ಬರೆಯುವವರ ಆಸೆಯನ್ನು ಮಾರಿಕೊಳ್ಳುವ ವ್ಯಾಪಾರ ಅದು, ನನಗೆ ಅದರ ಮೇಲೆ ತುಂಬ ಸಿಟ್ಟಿದೆ.

ಇನ್ನು ಬರವಣಿಗೆಯ ಖಾತೆಗೆ ಬರೋಣ. ಇಲ್ಲಿನ ಕಷ್ಟವನ್ನು ಯಾರೂ ಮುಂಚೆ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ದೊಡ್ಡಮ್ಮ ಒಮ್ಮೆ ಬಳೆ ಅಡ ಇಟ್ಟು ತಮ್ಮನ ಸಾಲ ತೀರಿಸಿದ್ದರು. ಅದನ್ನಿಟ್ಟುಕೊಂಡು ಕಥೆ ಬರೆದೆ. ಹೆಸರು ಬದಲಿಸಿದೆ, ಊರು ಬದಲಿಸಿ ಹರಿಹರ ಅಂತ ಮಾಡಿದೆ. ಸಾಕು ಅಂದುಕೊಂಡೆ. ಕಥೆ ಅಚ್ಚಾಯಿತು. ಎರಡು ತಿಂಗಳ ನಂತರ ಒಂದು ಮದುವೆಯಲ್ಲಿ ದೊಡ್ಡಮ್ಮ ನನ್ನ ಪಕ್ಕ ಕೂತು, ಎಲೆ ಮುಂದೆಯೇ, ಮೆಲ್ಲಗೆ ಕೇಳಿದರು: "ಅದನ್ನ ಊರಿಗೆಲ್ಲ ಹೇಳ್ಬೇಕಿತ್ತೇನಪ್ಪಾ?" ಬೈದಿದ್ದರೆ ತಡಕೊಳ್ಳಬಹುದಿತ್ತು. ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಅವರು ಗುರುತು ಹಿಡಿದದ್ದು ಬಳೆಯಿಂದಲ್ಲ. ಕಥೆಯ ಹೆಂಗಸು ಮಾತು ಮಾತಿಗೂ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು, ಅದು ದೊಡ್ಡಮ್ಮನ ಅಭ್ಯಾಸ. ಜನರು ತಮ್ಮ ಹೆಸರಿಗಿಂತ ತಮ್ಮ ಚಾಳಿಯಲ್ಲಿ ಬೇಗ ಸಿಕ್ಕಿಬೀಳುತ್ತಾರೆ. ಈಗ ನಾನು ಒಬ್ಬರ ಘಟನೆಯನ್ನು ಇನ್ನೊಬ್ಬರ ಸ್ವಭಾವಕ್ಕೆ ಕೊಡುತ್ತೇನೆ, ಹೆಂಗಸಿನದ್ದನ್ನು ಗಂಡಸಿಗೆ, ಅಜ್ಜನದ್ದನ್ನು ಹುಡುಗನಿಗೆ. ವಿಚಿತ್ರ ಅಂದರೆ, ಹಾಗೆ ಬದಲಿಸಿದಾಗ ಕಥೆಯೂ ಬೆಳೆಯುತ್ತದೆ, ಯಾಕೆಂದರೆ ಆಗ ನಡೆದದ್ದನ್ನು ಒಪ್ಪಿಸುವುದು ಬಿಟ್ಟು ಆ ಮನುಷ್ಯ ಹೀಗೆ ಮಾಡಿಯಾನಾ ಅಂತ ಯೋಚಿಸಲೇಬೇಕಾಗುತ್ತದೆ. ತೀರಾ ಹತ್ತಿರದವರ ಸಂಕಟವಾದರೆ ಅವರನ್ನೇ ಕೇಳುತ್ತೇನೆ. ಬೇಡ ಅಂದರೆ ಬಿಡುತ್ತೇನೆ. ಹಾಗೆ ಬಿಟ್ಟ ಎರಡು ಕಥೆಗಳು ಪೆಟ್ಟಿಗೆಯಲ್ಲಿವೆ.

ಸುಖ ಎಲ್ಲಿದೆ ಅಂತ ಕೇಳುತ್ತೀರಿ ಅಲ್ವಾ? ನನಗೆ ಅದು ಸಿಕ್ಕಿದ್ದು ಯಾರ್ಡಿನಲ್ಲಿ. ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ನಮಗೆ ಉಸಿರಾಡೋಕೂ ಪುರುಸೊತ್ತಿಲ್ಲ. ಲಾರಿ, ಟ್ರ್ಯಾಕ್ಟರು, ತೂಕ, ಹಮಾಲಿ, ಪಟ್ಟಿ. ಬರೆಯಲು ಶುರು ಮಾಡುವ ಮೊದಲು ನನಗೆ ಅಲ್ಲಿ ಕಾಣುತ್ತಿದ್ದದ್ದು ಕ್ವಿಂಟಲ್ ಲೆಕ್ಕ ಮಾತ್ರ. ಈಗ ಒಬ್ಬ ರೈತ ಕಾಳನ್ನು ಹಲ್ಲಿನಲ್ಲಿ ಕಚ್ಚಿ ಸಪ್ಪಳ ಕೇಳಿಸಿಕೊಳ್ಳುವುದು ಕಾಣುತ್ತದೆ, ಒಣಗಿದೆಯಾ ಅಂತ. ಒಂದು ವರ್ಷ ಜಗಳೂರು ಕಡೆಯ ಒಬ್ಬ ಯಜಮಾನರು ತಂದ ಚೀಲಗಳಲ್ಲಿ ಎರಡನ್ನು ಪಕ್ಕಕ್ಕೆ ಎಳೆದು, "ಇವೆರಡು ಬ್ಯಾರೆ ತೂಗ್ರಿ, ಇದು ಮಗಳ ದುಡ್ಡು" ಅಂದರು. ಮಗಳು ಜೊತೆಗಿರಲಿಲ್ಲ. ರೇಟು ಅದೇ, ಕಾಳು ಅದೇ. ಆದರೂ ಬೇರೆ ಪಟ್ಟಿ ಬರೆಸಿಕೊಂಡು, ಬೇರೆ ಜೇಬಿನಲ್ಲಿ ಇಟ್ಟುಕೊಂಡು ಹೋದರು. ಆ ಎರಡನೇ ಜೇಬು ನನ್ನ ತಲೆಯಲ್ಲಿ ಒಂದು ವರ್ಷ ಉಳಿಯಿತು, ಆಮೇಲೆ ಕಥೆ ಆಯಿತು. ಅದು ಎಲ್ಲೂ ಅಚ್ಚಾಗಿಲ್ಲ. ನಾನು ಬರೆದದ್ದರಲ್ಲಿ ಅದೇ ಒಳ್ಳೆಯದು ಅಂತ ಇವತ್ತಿಗೂ ನನಗೆ ಅನ್ನಿಸುತ್ತದೆ.

ನೌಕರಿ ಮಾಡಿಕೊಂಡು ಬರೆದವರಿಗೆ ಕನ್ನಡದಲ್ಲಿ ಕೊರತೆ ಇಲ್ಲ. ಮಾಸ್ತಿಯವರು ದೊಡ್ಡ ಸರ್ಕಾರಿ ಅಧಿಕಾರಿಯಾಗಿದ್ದವರು, 1983ರ ಜ್ಞಾನಪೀಠ ಅವರಿಗೆ ಬಂತು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಹಾಸನದಲ್ಲಿ ವಕೀಲರು. ನಮ್ಮ ಜಿಲ್ಲೆಯ ಮಲೆಬೆನ್ನೂರಿನಲ್ಲಿ 1920ರಲ್ಲಿ ಹುಟ್ಟಿದ ತ.ರಾ.ಸು. ಅವರ ಹೆಸರು ನಿಮಗೆ ಗೊತ್ತೇ ಇದೆ, ಆದರೆ ಅವರು ಬರವಣಿಗೆಯನ್ನೇ ಬದುಕು ಮಾಡಿಕೊಂಡವರು. ಈ ಹೆಸರುಗಳು ಹೆಮ್ಮೆಗಿರಲಿ, ಅಳತೆಗೋಲಿಗೆ ಬೇಡ. ಅವರ ಜೊತೆ ತೂಗಿಕೊಂಡರೆ ಪೆನ್ನು ಮೇಲೇಳುವುದಿಲ್ಲ.

ನಿಮಗೆ ಈಗ ಬೇಕಾಗಿರುವುದು ಸಂಪಾದಕರಲ್ಲ, ಒಬ್ಬ ಓದುಗ. ಏಳು ಕಥೆಗಳನ್ನು ಯಾರಾದರೂ ಪೂರ್ತಿ ಓದಿದ್ದಾರಾ? ನಾವು ನಾಲ್ಕು ಜನ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಕುಂದುವಾಡ ಕೆರೆ ಏರಿಯ ಮೇಲೆ ಸೇರುತ್ತೇವೆ. ಒಬ್ಬರು ಜೋರಾಗಿ ಓದಬೇಕು. ಓದಿದವರು ಆಮೇಲೆ ಬಾಯಿ ಬಿಡುವ ಹಾಗಿಲ್ಲ, ನಾನು ಹೇಳಬೇಕು ಅಂದಿದ್ದು ಹೀಗೆ ಅಂತ ವಿವರಿಸುವ ಹಾಗಿಲ್ಲ. ಪುಟದಲ್ಲಿ ಇಲ್ಲದ್ದು ಇಲ್ಲ. ಮೊದಲ ಎರಡು ಸಲ ನನಗೆ ತುಂಬ ನೋವಾಯಿತು. ಚೆನ್ನಾಗಿದೆ ಅಂದವರಿಂದ ನಾನು ಏನೂ ಕಲಿಯಲಿಲ್ಲ, "ಇಲ್ಲಿ ನನಗೆ ಬೋರ್ ಆಯ್ತು" ಅಂತ ಬೆರಳಿಟ್ಟು ತೋರಿಸಿದವರಿಂದ ಕಲಿತೆ. ಓದುವಾಗ ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ವಾಕ್ಯ ಸರಿಯಿಲ್ಲ, ಇದು ಪ್ರತಿ ಸಲವೂ ನಿಜವಾಗಿದೆ. ಕದ್ದುಬಿಟ್ಟರೆ ಅಂತ ಹೆದರುವವರಿದ್ದಾರೆ. ಕಥೆ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ಅದಕ್ಕೆ ನೋಂದಣಿ ಕಡ್ಡಾಯವಲ್ಲ. ನಿಮಗೇ ಒಂದು ಮೇಲ್ ಕಳಿಸಿಕೊಂಡರೆ ತಾರೀಖಿಗೆ ಸಾಕ್ಷಿ ಇರುತ್ತದೆ.

ನಿದ್ದೆ ಕೆಡಿಸಿಕೊಳ್ಳಬೇಡಿ. ನಾನು ಬೆಳಿಗ್ಗೆ ಐದೂವರೆಗೆ ಎದ್ದು ಮುಕ್ಕಾಲು ಗಂಟೆ ಬರೆಯುತ್ತೇನೆ, ಸುಗ್ಗಿಯ ತಿಂಗಳುಗಳಲ್ಲಿ ಪೂರ್ತಿ ರಜೆ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಹಬ್ಬಕ್ಕೆ ಬಹಳ ಮೊದಲೇ ಕಳಿಸಬೇಕಾದ್ದರಿಂದ ನನಗೆ ಅದು ಹೇಗೂ ಹೊಂದುತ್ತದೆ.

ಈಗ ಒಂದು ಕೆಲಸ ಮಾಡಿ. ಆ ಏಳರಲ್ಲಿ ಯಾವುದನ್ನು ಬರೆಯುವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲವೋ ಅದನ್ನು ತೆಗೆಯಿರಿ. ಮೊದಲ ಪುಟ ಪಕ್ಕಕ್ಕಿಟ್ಟು ಎರಡನೇ ಪುಟದಿಂದ ಜೋರಾಗಿ ಓದಿ. ನನ್ನ ಹೆಚ್ಚಿನ ಕಥೆಗಳು ಅಲ್ಲಿಂದಲೇ ಶುರುವಾಗುತ್ತಿದ್ದವು, ನಿಮ್ಮದೂ ಹಾಗೇನಾ ನೋಡಿ ತಿಳಿಸಿ.