ಗಾಯ ಚಿಕ್ಕದು, ತಪಾಸಣೆ ಬದುಕಿಡೀ

ಹೃದಯದಿಂದ ರಕ್ತ ಒಯ್ಯುವ ಮಹಾಪಧಮನಿ ಹೊಟ್ಟೆಯೊಳಗೆ ಸುಮಾರು 2 ಸೆಂ.ಮೀ. ದಪ್ಪದ ಕೊಳವೆ. ಗೋಡೆ ಸಡಿಲಾಗಿ ಅದು 5.5 ಸೆಂ.ಮೀ.ವರೆಗೆ ಉಬ್ಬಿದರೆ ವೈದ್ಯರು ದುರಸ್ತಿಯ ಮಾತೆತ್ತುತ್ತಾರೆ. ಒಡೆದರೆ ಬದುಕುಳಿಯುವವರು ಕಡಿಮೆ. 1951ರಲ್ಲಿ ಪ್ಯಾರಿಸ್‌ನ ಶಾರ್ಲ್ ದ್ಯುಬೊ ಹೊಟ್ಟೆ ತೆರೆದು, ಉಬ್ಬಿದ ಭಾಗ ತೆಗೆದು, ಮೃತರೊಬ್ಬರ ರಕ್ತನಾಳ ಹೊಲಿದರು. ಮುಂದಿನ ದಶಕಗಳಲ್ಲಿ ನಾಳದ ಬದಲು ಬಟ್ಟೆಯ ಕೊಳವೆ ಬಂತು. ಹೊಟ್ಟೆ ಸೀಳುವುದು ಮಾತ್ರ ತಪ್ಪಲಿಲ್ಲ.

ತಪ್ಪಿಸಿದವರು ಅರ್ಜೆಂಟೀನಾದ ಹುವಾನ್ ಪರೋಡಿ. 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅವರು ತೊಡೆಸಂದಿನ ಧಮನಿಯಿಂದ ಸ್ಟೆಂಟ್ ಗ್ರಾಫ್ಟ್, ಅಂದರೆ ಲೋಹದ ಸ್ಪ್ರಿಂಗಿಗೆ ಜೋಡಿಸಿದ ಬಟ್ಟೆಯ ಕೊಳವೆ, ತೂರಿಸಿ ಉಬ್ಬಿನೊಳಗೆ ಬಿಡಿಸಿದರು. (ಎದೆಯ ಭಾಗದಲ್ಲಿ ಇಂಥದ್ದನ್ನು ಉಕ್ರೇನಿನ ಹಾರ್ಕಿವ್‌ನ ನಿಕೊಲಾಯ್ ವೊಲೊದೊಸ್ 1987ರಲ್ಲೇ ಮಾಡಿದ್ದರು, ಹೊರಜಗತ್ತು ಗಮನಿಸಿದ್ದು ತಡವಾಗಿ.)

ಈ ವಿಧಾನದ ತೊಡಕಿನ ಬೇರೂ ಇಲ್ಲೇ ಇದೆ. ಹೊಸ ಕೊಳವೆಗೆ ಹೊಲಿಗೆಯಿಲ್ಲ. ಸ್ಪ್ರಿಂಗಿನ ಒತ್ತಡ, ಸಣ್ಣ ಕೊಕ್ಕೆಗಳ ಹಿಡಿತದಲ್ಲಿ ನಿಲ್ಲಬೇಕು. ಹಳೆಯ ಉಬ್ಬು ಅಲ್ಲೇ ಉಳಿಯುತ್ತದೆ. ಕೊಳವೆಯ ತುದಿ ಜಾರಿದರೆ, ಜೋಡಣೆ ಬಿಟ್ಟರೆ, ಬಟ್ಟೆ ಹರಿದರೆ ರಕ್ತ ಮತ್ತೆ ಉಬ್ಬಿಗೆ ನುಗ್ಗುತ್ತದೆ. ಬೆನ್ನ ಕಡೆಯ ಸಣ್ಣ ಕವಲುಗಳಿಂದ ಹಿಮ್ಮುಖವಾಗಿ ಒಸರುವುದೂ ಉಂಟು. ಅದು ಹೆಚ್ಚು ಸಾಮಾನ್ಯ, ಅಪಾಯ ಕಡಿಮೆ. ಉಬ್ಬು ಬೆಳೆಯದಿದ್ದರೆ ಕಾದು ನೋಡುತ್ತಾರೆ. ಇಂಥ ಎಲ್ಲ ಸೋರಿಕೆಗೂ ‘ಎಂಡೋಲೀಕ್’ ಎಂಬ ಹೆಸರನ್ನು ಸಿಡ್ನಿಯ ಶಸ್ತ್ರವೈದ್ಯರು ಸೂಚಿಸಿದ್ದು 1996ರಲ್ಲಿ. ಸ್ಟೆಂಟ್ ಗ್ರಾಫ್ಟ್ ಬರುವವರೆಗೆ ಈ ಕಾಯಿಲೆಯೇ ಇರಲಿಲ್ಲ, ಚಿಕಿತ್ಸೆಯೇ ಅದನ್ನು ಹುಟ್ಟಿಸಿತು!

ಅಮೆರಿಕದಲ್ಲಿ 1999ರಲ್ಲಿ ಒಪ್ಪಿಗೆ ಪಡೆದ ಮೊದಲ ಎರಡು ಸ್ಟೆಂಟ್ ಗ್ರಾಫ್ಟ್‌ಗಳಲ್ಲಿ ‘ಆಂಕ್ಯೂರ್’ ಒಂದು. ಅದರ ಸಾವಿರಾರು ವೈಫಲ್ಯಗಳನ್ನು ನಿಯಂತ್ರಕರಿಗೆ ತಿಳಿಸದೆ ಮುಚ್ಚಿಟ್ಟದ್ದಕ್ಕಾಗಿ ಅದರ ತಯಾರಕರಾದ ಗೈಡಂಟ್ ಕಂಪನಿಯ ಅಂಗಸಂಸ್ಥೆ 2003ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 9.24 ಕೋಟಿ ಡಾಲರ್ ತೆತ್ತಿತು.

ಆದರೂ ಹೊಸ ವಿಧಾನದ ಓಟ ನಿಲ್ಲಲಿಲ್ಲ. 2004ರಲ್ಲಿ ಬ್ರಿಟನ್ನಿನ ‘ಇವಾರ್ 1’ ಪ್ರಯೋಗ ಮೊದಲ ತಿಂಗಳ ಲೆಕ್ಕ ಕೊಟ್ಟಿತು: ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಸಾವು ಶೇ 4.7, ಸ್ಟೆಂಟ್ ಗ್ರಾಫ್ಟಿನಲ್ಲಿ ಶೇ 1.7. ಎಲ್ಲರೂ ಹಿಡಿದುಕೊಂಡದ್ದು ಈ ಅಂಕಿಯನ್ನು. ನನ್ನ ಲೆಕ್ಕದಲ್ಲಿ ಅದು ಅವಸರದ ಓದು. ಅದೇ ರೋಗಿಗಳ 15 ವರ್ಷಗಳ ವರದಿ 2016ರಲ್ಲಿ ಬಂದಾಗ ತಕ್ಕಡಿ ತಿರುಗಿತ್ತು: 8 ವರ್ಷಗಳ ನಂತರ ಸ್ಟೆಂಟ್ ಗ್ರಾಫ್ಟ್ ಪಡೆದವರಲ್ಲೇ ಸಾವು ಹೆಚ್ಚು. ಹಳೆಯ ಉಬ್ಬು ಒಡೆದದ್ದು ಒಂದು ಮುಖ್ಯ ಕಾರಣ. ಹಾಗಾಗಿಯೇ ಈ ರೋಗಿಗಳಿಗೆ ಬದುಕಿಡೀ ಸ್ಕ್ಯಾನಿಂಗ್ ಬೇಕು. ನೋವಿಲ್ಲವೆಂದು ಬಿಟ್ಟವರಿಗೆ ಸೋರಿಕೆ ಗೊತ್ತೇ ಆಗುವುದಿಲ್ಲ.

ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2018ರ ಕರಡಿನಲ್ಲಿ, ಒಡೆಯದ ಉಬ್ಬಿಗೆ ಈ ವಿಧಾನವೇ ಬೇಡವೆಂದಿತು. ಶಸ್ತ್ರವೈದ್ಯರು ತಿರುಗಿಬಿದ್ದರು. 2020ರ ಅಂತಿಮ ಸೂಚನೆ, ತೆರೆದ ಶಸ್ತ್ರಚಿಕಿತ್ಸೆ ತಾಳಲಾರದವರಿಗೆ ಇದನ್ನು ಪರಿಗಣಿಸಬಹುದೆಂದು ಮೆದುವಾಯಿತು. ಉಬ್ಬು ಒಡೆದು ಬಂದವರ ವಿಷಯದಲ್ಲಿ ಮಾತ್ರ, ಅದರಲ್ಲೂ 70 ದಾಟಿದ ಗಂಡಸರು ಮತ್ತು ಎಲ್ಲ ವಯಸ್ಸಿನ ಹೆಂಗಸರಿಗೆ, ತೊಡೆಸಂದಿನ ದಾರಿಯೇ ಮೇಲು ಎಂದಿತು.