ಬಲ್ಬ್ ದಾಟಿದ ಕರೆಂಟು

ಹತ್ತನೆಯ ತರಗತಿಯ ಮಕ್ಕಳನ್ನು ಕೇಳಿ ನೋಡಿ: ಬಲ್ಬ್ ದಾಟಿದ ಮೇಲೆ ತಂತಿಯಲ್ಲಿ ಕರೆಂಟು ಕಡಿಮೆಯಾಗುತ್ತದೆಯೇ? ‘ಆಗುತ್ತದೆ, ಬಲ್ಬ್ ಒಂದಷ್ಟು ತಿನ್ನುತ್ತದಲ್ಲ’ ಎನ್ನುವವರು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಜಗತ್ತಿನ ಎಲ್ಲ ಕಡೆಯ ಮಕ್ಕಳೂ ಮಾಡುವ ತಪ್ಪು ಇದು. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದರು. ಅದೇ ತಾಲ್ಲೂಕಿನ ಮಕ್ಕಳಿಗೆ ತಂತಿಯೊಳಗಿನ ಸಂಗತಿಯನ್ನು ಕಾಣಿಸುವ ದಾರಿ ಇಷ್ಟು ತಡವಾಗಿ ಏಕೆ ಬಂತು?

ಪಾಠ ತಲುಪಿಸುವ ಯಂತ್ರಗಳು ಬರಲು ತಡಮಾಡಲಿಲ್ಲ. ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ನಡೆಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ಮುಂದೆ ರೇಡಿಯೊ ಪಾಠಗಳು ಬಂದವು. ಕಿವಿಯಿಂದ ಕಥೆ ಕಲಿಯಬಹುದು, ಪದ್ಯ ಕಲಿಯಬಹುದು. ಆದರೆ ಪ್ರಯೋಗಕ್ಕೆ ಕಣ್ಣೂ ಕೈಯೂ ಬೇಕು.

1963ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಆರಂಭವಾಯಿತು. ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದೇ. ವಿಜ್ಞಾನವನ್ನೂ ಅದನ್ನು ಕಲಿಸುವ ಬಗೆಯನ್ನೂ ನಾಲ್ಕು ವರ್ಷಗಳ ಒಂದೇ ಕೋರ್ಸಿನಲ್ಲಿ ಹೆಣೆದ ಪ್ರಯೋಗ ಅಲ್ಲಿ ನಡೆಯಿತು. ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯ ಅತ್ಯಂತ ಸರಿಯಾದ ಹೆಜ್ಜೆ ಅದು: ಮೊದಲು ಶಿಕ್ಷಕರನ್ನು ತಯಾರು ಮಾಡುವುದು. ಮುಂದಿನ ಯೋಜನೆಗಳು ಈ ಕ್ರಮವನ್ನೇ ತಿರುವುಮುರುವು ಮಾಡಿದವು.

1984ರ ಹೊತ್ತಿಗೆ ದೇಶದ ಆಯ್ದ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೊ ಕಂಪ್ಯೂಟರುಗಳು ಬಂದವು. ಹಿಂದೆಯೇ ಬಂದ ಪಾಠಗಳು ಇಂಗ್ಲಿಷಿನವು. 2000ದ ದಶಕದಲ್ಲಿ ರಾಜ್ಯದ ‘ಮಾಹಿತಿ ಸಿಂಧು’ ಯೋಜನೆ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಠಡಿ ತಂದಿತು. ಅಲ್ಲಿ ಕಂಪ್ಯೂಟರೇ ಒಂದು ಪ್ರತ್ಯೇಕ ವಿಷಯವಾಗಿ, ವಿಜ್ಞಾನದ ಮೇಷ್ಟರು ಪಕ್ಕದ ಕೊಠಡಿಯಲ್ಲಿ ಸೀಮೆಸುಣ್ಣ ಹಿಡಿದೇ ಉಳಿದರು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ರೂಪಿಸಿದ ಎಜುಸ್ಯಾಟ್ ಉಪಗ್ರಹ ಹಾರಿತು. 1997ರವರೆಗೂ ಮೈಸೂರು ಜಿಲ್ಲೆಯ ಭಾಗವೇ ಆಗಿದ್ದ ಚಾಮರಾಜನಗರದ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಇಳಿಯಿತು. ದೊಡ್ಡ ಸಾಹಸ, ನಿಜ. ಆದರೆ ಪ್ರಸಾರದ ವೇಳೆಗೆ ತರಗತಿ ಕಾಯಬೇಕಿತ್ತು. ಮಗು ಕೈ ಎತ್ತಿದರೆ ಉಪಗ್ರಹ ನಿಲ್ಲುವುದಿಲ್ಲ.

ತಿರುವು ಬಂದದ್ದು 2010ರ ದಶಕದ ಆರಂಭದಲ್ಲಿ. ವಿಷಯ ಶಿಕ್ಷಕರ ವೇದಿಕೆ, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ಪ್ರಯತ್ನಗಳಲ್ಲಿ ಸರ್ಕಾರಿ ಶಾಲೆಗಳ ಗಣಿತ, ವಿಜ್ಞಾನ ಶಿಕ್ಷಕರೇ ಕನ್ನಡದಲ್ಲಿ ಪಾಠದ ಸಾಮಗ್ರಿ ಬರೆದರು, ತಿದ್ದಿದರು, ಹಂಚಿಕೊಂಡರು. ಅದೂ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶದಲ್ಲಿ. ಮೇಲಿನಿಂದ ಬಂದ ಪೆಟ್ಟಿಗೆಯನ್ನು ತೆರೆಯುವವರಷ್ಟೇ ಆಗಿದ್ದವರು ಒಳಗೆ ಏನಿರಬೇಕೆಂದು ಹೇಳುವವರಾದರು. 2017ರಲ್ಲಿ ಕೇಂದ್ರ ಸರ್ಕಾರದ ಡಿಜಿಟಲ್ ಪಾಠಗಳ ವೇದಿಕೆ ದೀಕ್ಷಾ ಬಂತು, ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಬಂತು. 2020ರ ಜುಲೈಯಲ್ಲಿ, ಶಾಲೆಗಳು ಮುಚ್ಚಿದ್ದಾಗ, ಚಂದನ ವಾಹಿನಿಯಲ್ಲಿ, ಹಿಂದಿನ ತರಗತಿಯ ಕಲಿಕೆಯನ್ನು ಮುಂದಿನದಕ್ಕೆ ಜೋಡಿಸುವ ಸೇತುಬಂಧ ಪಾಠಗಳು ಬಂದವು. ಆ ತಿಂಗಳುಗಳಲ್ಲಿ ಟಿ.ವಿ. ಇಲ್ಲದ ಮನೆಯ ಮಗುವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನು ಆ ಬಲ್ಬಿನ ಪ್ರಶ್ನೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭವಾದ ಫೆಟ್ ಎಂಬ ಉಚಿತ ಅನುಕರಣ ಪ್ರಯೋಗಗಳು (ಕಂಪ್ಯೂಟರಿನ ಪರದೆಯ ಮೇಲೆಯೇ ಮಾಡಿ ನೋಡುವಂಥವು) ಈಗ ಕನ್ನಡದಲ್ಲೂ ಇವೆ. ಇಳಿಸಿಕೊಂಡರೆ ಇಂಟರ್ನೆಟ್ ಬೇಡ. ಪರದೆಯ ಮೇಲೆ ಸೆಲ್, ತಂತಿ, ಬಲ್ಬ್ ಜೋಡಿಸಿದರೆ ಎಲೆಕ್ಟ್ರಾನುಗಳು ಪುಟ್ಟ ಚುಕ್ಕೆಗಳಾಗಿ ಸರಿಯುತ್ತವೆ, ಬಲ್ಬಿನ ಹಿಂದೆಯೂ ಮುಂದೆಯೂ ಒಂದೇ ವೇಗದಲ್ಲಿ. ಎರಡೂ ಬದಿಗೆ ಕರೆಂಟು ಅಳೆಯುವ ಆಮ್ಮೀಟರ್ ಇಟ್ಟರೆ ಒಂದೇ ಅಂಕಿ. ಮೊದಲು ಮಕ್ಕಳಿಂದ ಊಹೆ ಬರೆಸಿ, ನಂತರ ಪರದೆ ತೋರಿಸಿ, ಕೊನೆಗೆ ನಿಜವಾದ ಟಾರ್ಚ್ ಸೆಲ್ಲನ್ನು ಕೈಗೆ ಕೊಡಬೇಕು. ಮೊದಲನೆಯದನ್ನು ಬಿಟ್ಟರೆ ಅದು ಬರೀ ಚಿತ್ರ. ಕೊನೆಯದನ್ನು ಬಿಟ್ಟರೆ ಎಲೆಕ್ಟ್ರಾನು ಬಣ್ಣದ ಗೋಲಿ ಎಂದೇ ಮಗು ನಂಬುತ್ತದೆ.

ಚುಕ್ಕೆಗಳು ಅಷ್ಟು ನಿಧಾನವಾಗಿ ಸರಿಯುವುದನ್ನು ಕಂಡ ಮಗುವಿಗೆ ಮುಂದಿನ ಪ್ರಶ್ನೆ ಹುಟ್ಟುತ್ತದೆ. ಟಾರ್ಚಿನ ತಂತಿಯಲ್ಲಿ ಎಲೆಕ್ಟ್ರಾನು ಸೆಕೆಂಡಿಗೆ ಒಂದು ಮಿಲಿಮೀಟರಿನಷ್ಟೂ ಮುಂದೆ ಹೋಗುವುದಿಲ್ಲ. ಹಾಗಿದ್ದರೆ ಸ್ವಿಚ್ ಒತ್ತಿದೊಡನೆ ಬಲ್ಬ್ ಹೇಗೆ ಹೊತ್ತುತ್ತದೆ? ಇದಕ್ಕೆ ಉತ್ತರ ಮಂಡ್ಯದ ಮಗುವಿನ ಮನೆಯ ಕಬ್ಬಿನ ಗದ್ದೆಯಲ್ಲೇ ಇದೆ. ಪೈಪಿನ ತುಂಬ ಮೊದಲೇ ನೀರಿದ್ದರೆ, ಪಂಪ್‌ಸೆಟ್ ಚಾಲೂ ಮಾಡಿದ ಕ್ಷಣವೇ ಆಚೆ ತುದಿಯಲ್ಲಿ ನೀರು ಧುಮುಕುತ್ತದೆ. ತಂತಿಯ ತುಂಬ ಎಲೆಕ್ಟ್ರಾನುಗಳೂ ಹಾಗೆಯೇ ಮೊದಲೇ ಇರುತ್ತವೆ. ಆ ಗದ್ದೆಯನ್ನು ಬಲ್ಲವರು ತರಗತಿಯ ಮೇಷ್ಟರು.