ನುಝಿಯ ಮಣ್ಣಿನ ಪತ್ರಗಳು ಮತ್ತು ಅಬ್ರಹಾಮನ ಮನೆತನ

ಸುಮಾರು 3,400 ವರ್ಷಗಳ ಹಿಂದೆ, ಇಂದಿನ ಇರಾಕ್‌ನ ನುಝಿ ಎಂಬ ಪಟ್ಟಣದಲ್ಲಿ ಒಂದು ಮದುವೆಯ ಕರಾರು ಬರೆಸಿದರು. ಗಂಡು ಶೆನ್ನಿಮ, ಹೆಣ್ಣು ಕೆಲಿಮ್‌ನಿನು. ಅವಳಿಗೆ ಮಕ್ಕಳಾದರೆ ಅವನು ಇನ್ನೊಬ್ಬಳನ್ನು ಕಟ್ಟಿಕೊಳ್ಳುವಂತಿಲ್ಲ. ಆಗದಿದ್ದರೆ ಲುಲ್ಲು ಸೀಮೆಯಿಂದ ಒಬ್ಬ ಹೆಣ್ಣನ್ನು ಕೆಲಿಮ್‌ನಿನುವೇ ಗಂಡನಿಗೆ ತಂದುಕೊಡಬೇಕು. ಇದನ್ನೆಲ್ಲ ಜೇಡಿಮಣ್ಣಿನ ಹಲಗೆಯ ಮೇಲೆ ಬರೆದು, ಸಾಕ್ಷಿಗಳ ಹೆಸರನ್ನೂ ಸೇರಿಸಿದರು.

ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 16ನೇ ಅಧ್ಯಾಯ ಓದಿದವರಿಗೆ ಇದು ಗುರುತಿನ ಕಥೆ, ಅಲ್ವಾ? ಮಕ್ಕಳಿಲ್ಲದ ಸಾರಾ ತನ್ನ ಈಜಿಪ್ಟಿನ ದಾಸಿ ಹಾಗರಳನ್ನು ತಾನೇ ಅಬ್ರಹಾಮನಿಗೆ ಕೊಡುತ್ತಾಳೆ. ಗರ್ಭಿಣಿಯಾದ ಹಾಗರಳು ಒಡತಿಯನ್ನು ಕೀಳಾಗಿ ನೋಡತೊಡಗುತ್ತಾಳೆ. ಸಾರಾ ದೂರು ಹೇಳಿದಾಗ ಅಬ್ರಹಾಮ, ನಿನ್ನ ದಾಸಿ ನಿನ್ನ ಕೈಯಲ್ಲೇ ಇದ್ದಾಳೆ ಎಂದು ಸುಮ್ಮನಾಗುತ್ತಾನೆ. ಈ ಮಾತು ನಮಗೆ ಹೇಡಿತನದಂತೆ ಕೇಳುತ್ತದೆ. ಆದರೆ ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಶಾಸನದ 146ನೇ ಕಲಮು ಇಂಥದ್ದೇ ಜಗಳವನ್ನು ಮೊದಲೇ ಊಹಿಸಿತ್ತು. ದೇವರ ಸೇವೆಗೆ ಮುಡಿಪಾದ ಹೆಂಡತಿ ಗಂಡನಿಗೆ ಕೊಟ್ಟ ದಾಸಿ, ಮಕ್ಕಳನ್ನು ಹೆತ್ತು, ತಾನೂ ಒಡತಿಗೆ ಸಮ ಎಂದು ನಿಂತರೆ ಒಡತಿ ಅವಳನ್ನು ಮಾರುವಂತಿಲ್ಲ. ಮತ್ತೆ ದಾಸಿಯರ ಸಾಲಿಗೆ ಸೇರಿಸಬಹುದು, ಅಷ್ಟೇ. ಅಬ್ರಹಾಮನ ಉತ್ತರದ ಹಿಂದೆ ಇಂಥದೊಂದು ಪದ್ಧತಿ ಕಾಣುತ್ತದೆ. ಹಾಗರಳ ಸಂಕಟ ಇದರಿಂದ ಕಡಿಮೆಯಾಗುವುದಿಲ್ಲ. ಅವಳ ಗರ್ಭದ ಬಗ್ಗೆ ಯಾರೂ ಅವಳನ್ನು ಕೇಳಿರಲಿಲ್ಲ.

ನುಝಿಯ ಹಲಗೆಗಳು ಬೆಳಕಿಗೆ ಬಂದದ್ದು 1925ರಲ್ಲಿ. ಕಿರ್ಕುಕ್ ಹತ್ತಿರದ ಯೋರ್ಗಾನ್ ತೆಪೆ ಎಂಬ ದಿಬ್ಬದಲ್ಲಿ ಎಡ್ವರ್ಡ್ ಕಿಯೆರಾ ಅಗೆಯಲು ಶುರುಮಾಡಿದರು. 1931ರವರೆಗೆ ನಡೆದ ಕೆಲಸದಲ್ಲಿ ಸಾವಿರಾರು ಹಲಗೆಗಳು ಸಿಕ್ಕವು. ಅವುಗಳಲ್ಲಿ ಯುದ್ಧದ ಪ್ರತಾಪಕ್ಕಿಂತ ಮನೆ ವ್ಯವಹಾರವೇ ಜಾಸ್ತಿ: ದತ್ತು, ಸಾಲ, ಆಸ್ತಿ ಪಾಲು, ಕೋರ್ಟಿನ ವ್ಯಾಜ್ಯ.

ಬೈಬಲ್ ವಿದ್ವಾಂಸರು ಹಿಗ್ಗಿದರು. ಅಬ್ರಹಾಮ, ಅವನ ಮೊಮ್ಮಗ ಯಾಕೋಬರ ಕಥೆಗಳು ಬಹಳ ತಡವಾಗಿ ಹುಟ್ಟಿದವು ಎಂಬ ವಾದ ಆಗ ಬಲವಾಗಿತ್ತು. ಅದಕ್ಕೆ ಇಲ್ಲಿ ಉತ್ತರವಿದೆ ಎಂದು ಅವರಿಗೆ ಅನಿಸಿತು. ವಿಲಿಯಂ ಆಲ್‌ಬ್ರೈಟ್ ಮತ್ತು ಎಫ್ರೇಮ್ ಸ್ಪೈಸರ್ ಈ ದಾರಿಯ ದೊಡ್ಡ ಹೆಸರುಗಳು. ಅಬ್ರಹಾಮ ಹೆಂಡತಿಯನ್ನು ತಂಗಿ ಎಂದು ಹೇಳಿಕೊಂಡದ್ದಕ್ಕೂ ಸ್ಪೈಸರ್ ನುಝಿಯಲ್ಲೇ ಕಾರಣ ಹುಡುಕಿದರು. ಹೆಂಡತಿಯನ್ನು ತಂಗಿಯಾಗಿ ದತ್ತು ಪಡೆಯುವ ಪದ್ಧತಿ ಅಲ್ಲಿತ್ತು ಎಂಬುದು ಅವರ ವಾದ. ಅದು ಮುಂದೆ ನಿಲ್ಲಲಿಲ್ಲ.

1974ರಲ್ಲಿ ಥಾಮಸ್ ಥಾಂಪ್ಸನ್, 1975ರಲ್ಲಿ ಜಾನ್ ವಾನ್ ಸೀಟರ್ಸ್ ಈ ಇಡೀ ಕಟ್ಟಡದ ಬುಡವನ್ನೇ ಪರೀಕ್ಷಿಸಿದರು. ದಾಸಿಯನ್ನು ಕೊಡುವ ಪದ್ಧತಿ ನುಝಿಗೆ ಮಾತ್ರ ಸೇರಿದ್ದಲ್ಲ. ಟರ್ಕಿಯ ಕುಲ್‌ತೆಪೆಯಲ್ಲಿ ಸಿಕ್ಕ, ಕ್ರಿ.ಪೂ. 19ನೇ ಶತಮಾನದ ಕರಾರಿನಲ್ಲೂ ಅದಿದೆ. ಅಸ್ಸೀರಿಯದ ನಿಮ್ರುದ್‌ನ ಕ್ರಿ.ಪೂ. 7ನೇ ಶತಮಾನದ ಕರಾರಿನಲ್ಲೂ ಇದೆ. ಸಾವಿರ ವರ್ಷಕ್ಕೂ ಜಾಸ್ತಿ ಬಾಳಿದ ಪದ್ಧತಿಯನ್ನು ಹಿಡಿದು ಅಬ್ರಹಾಮನ ಕಾಲ ಗುರುತಿಸುವುದು ಹೇಗೆ? ಆಗುವುದಿಲ್ಲ. ಈ ಟೀಕೆ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಅದರ ನಂತರ ಹಲವರು ನುಝಿಯನ್ನೇ ಮರೆತದ್ದು ನಷ್ಟ. ಕಾಲ ಹೇಳದ ದಾಖಲೆಯೂ ಮನೆಯೊಳಗಿನ ಮಾತನ್ನು ಹೇಳಬಲ್ಲದು.

ಯಾಕೋಬನ ಹೆಂಡತಿ ರಾಹೇಲಳನ್ನೇ ನೋಡಿ. ಗಂಡನ ಜೊತೆ ತವರು ಬಿಟ್ಟು ಹೊರಡುವಾಗ ತಂದೆ ಲಾಬಾನನ ಮನೆದೇವರುಗಳನ್ನು ಕದ್ದು, ಒಂಟೆಯ ತಡಿಯಲ್ಲಿ ಮುಚ್ಚಿಟ್ಟು, ಮುಟ್ಟಾಗಿದ್ದೇನೆ ಎಂದು ಅದರ ಮೇಲೇ ಕೂರುತ್ತಾಳೆ. ನುಝಿಯ ಒಂದು ಕರಾರಿನಲ್ಲಿ ನಶ್ವಿ ಎಂಬವನು ವುಲ್ಲು ಎಂಬವನನ್ನು ದತ್ತು ಪಡೆದು ಮಗಳನ್ನೂ ಕೊಡುತ್ತಾನೆ. ಮುಂದೆ ಸ್ವಂತ ಮಗ ಹುಟ್ಟಿದರೆ ಆಸ್ತಿ ಸಮಪಾಲು, ಆದರೆ ಮನೆದೇವರು ಮಗನಿಗೇ. ದೇವರನ್ನು ಕದ್ದರೆ ಆಸ್ತಿಯ ಹಕ್ಕು ಸಿಗುತ್ತಿತ್ತು ಎಂದು ಮೊದಲು ಕೆಲವರು ಹೇಳಿದ್ದು ಅತಿಯಾಯಿತು. ಕರಾರು ಅಷ್ಟು ಹೇಳುವುದಿಲ್ಲ. ಮನೆತನವನ್ನು ಮುಂದುವರಿಸುವವನ ಕೈಗೇ ದೇವರು ಹೋಗಬೇಕಿತ್ತು ಎಂದಷ್ಟೇ ಹೇಳುತ್ತದೆ. ಲಾಬಾನ ದಿನಗಟ್ಟಲೆ ಬೆನ್ನಟ್ಟಿ ಬಂದು, ನನ್ನ ದೇವರುಗಳನ್ನು ಯಾಕೆ ಕದ್ದೆ ಎಂದು ಯಾಕೋಬನನ್ನು ಕೇಳಿದ್ದರ ತೂಕ ತಿಳಿಯಲು ಅಷ್ಟು ಸಾಕು.

ಈ ಕಥೆ ಬರುವ ಆದಿಕಾಂಡದ 31ನೇ ಅಧ್ಯಾಯದಲ್ಲೇ ಯಾಕೋಬನ ಸಿಟ್ಟು ಒಡೆಯುತ್ತದೆ. ಇಪ್ಪತ್ತು ವರ್ಷ ಮಾವನ ಕುರಿ ಕಾಯ್ದವನು. ಕಾಡುಮೃಗ ಸೀಳಿದ ಕುರಿಯ ನಷ್ಟವನ್ನೂ ನಾನೇ ಹೊತ್ತೆ, ನನ್ನಿಂದಲೇ ವಸೂಲಿ ಮಾಡಿದೆ ಎನ್ನುತ್ತಾನೆ. ಹಮ್ಮುರಾಬಿಯ 266ನೇ ಕಲಮಿನ ಪ್ರಕಾರ ಹಟ್ಟಿಯಲ್ಲಿ ಸಿಂಹ ಕುರಿ ಕೊಂದರೆ ಕುರುಬ ದೇವರ ಮುಂದೆ ಆಣೆ ಮಾಡಿದರೆ ಸಾಕು, ನಷ್ಟ ಒಡೆಯನದು. ಬೈಬಲಿನ ವಿಮೋಚನಕಾಂಡದ ನಿಯಮವೂ ಹೀಗೇ: ಮೃಗ ಸೀಳಿದ್ದನ್ನು ಸಾಕ್ಷಿಗೆ ತಂದು ತೋರಿಸಿದರೆ ಬದಲು ಕೊಡಬೇಕಾಗಿಲ್ಲ. ಈ ನಿಯಮ ಬಲ್ಲ ಕೇಳುಗರಿಗೆ ಲಾಬಾನ ಎಂಥ ಮಾವ ಅಂತ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.